ತೊಂಬತ್ತೆಂಟನೆಯ ಕಿಲೋಮೀಟರ್

ಬೆಳಗಿನ ಆರೂಕಾಲಕ್ಕೆ ಅರಸೀಕೆರೆ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಎಲೆಕ್ಟ್ರಿಕ್ ಬೈಕುಗಳು ಹೊರಟು ನಿಂತಿದ್ದವು. ಒಂದರ ಮೇಲೆ ಲತಾಮಣಿ, ಇನ್ನೊಂದರ ಮೇಲೆ ಬೋರಯ್ಯ. ಇಬ್ಬರ ಬೈಕಿಗೂ ಹದಿನೈದು ಕೆ.ಜಿ. ಸಾಮಾನು ಕಟ್ಟಿತ್ತು: ನೀರು, ಹಗ್ಗ, ಟಾರ್ಚು, ಬೈಕಿನ ಚಾರ್ಜರ್, ಆನೆಯ ಕೊರಳಿಗೆ ಕಟ್ಟಿದ ರೇಡಿಯೋ ಕಾಲರಿನ ಸಿಗ್ನಲ್ ಹಿಡಿಯುವ ಆಂಟೆನಾ.

ಕೆಲಸ ಹೇಳುವುದಕ್ಕೇನೋ ಸುಲಭ. ಒಂದು ಚಾರ್ಜಿಗೆ ನೂರ ಅರವತ್ತು ಕಿಲೋಮೀಟರ್ ಓಡುತ್ತದೆ ಎಂದು ಬೈಕ್ ಮಾಡಿದವರು ಕಾಗದದಲ್ಲಿ ಅಚ್ಚು ಹಾಕಿಸಿದ್ದರು. ನಮ್ಮ ರಸ್ತೆಯಲ್ಲಿ, ನಮ್ಮ ಗಾಳಿಯಲ್ಲಿ, ನಮ್ಮ ಹೊರೆ ಹೊತ್ತು ಅದು ನಿಜಕ್ಕೂ ಎಷ್ಟು ದೂರ ಓಡುತ್ತದೆ ಎಂಬುದನ್ನು ಓಡಿಸಿಯೇ ನೋಡಬೇಕಿತ್ತು. ಅರಸೀಕೆರೆಯಿಂದ ಹಾರನಹಳ್ಳಿ, ಅಲ್ಲಿಂದ ಹಳೇಬೀಡು, ಬೇಲೂರು, ಮತ್ತೆ ವಾಪಸ್ಸು. ದಾರಿಯಲ್ಲಿ ಎಲ್ಲೂ ಚಾರ್ಜ್ ಮಾಡುವ ಹಾಗಿಲ್ಲ. ಎಲ್ಲಿ ನಿಲ್ಲುತ್ತದೋ ಅದೇ ಲೆಕ್ಕ.

ಅವರದು ಆರು ಜನರ ಆನೆ ನಿಗಾ ತಂಡ. ಬೇಲೂರಿನ ಕಾಫಿ ತೋಟಗಳ ಕಡೆಯಿಂದ ಬಯಲಿಗೆ ಇಳಿಯುವ ಆನೆಗಳ ಜಾಡು ಹಿಡಿದು ಮುಂದಿನ ಊರಿನವರಿಗೆ ಸುದ್ದಿ ಮುಟ್ಟಿಸುವುದು ಅವರ ಕಸುಬು. ಹೋದ ಮಳೆಗಾಲದಲ್ಲಿ ಸೀಳುಕಿವಿ ಎಂಬ ಒಂಟಿ ಸಲಗ ಬೋರಯ್ಯನವರ ಪೆಟ್ರೋಲ್ ಬೈಕಿನ ಸದ್ದಿಗೆ ಸಿಟ್ಟಾಗಿ ಅಟ್ಟಿಸಿಕೊಂಡು ಬಂದಿತ್ತು. ಅವರು ಚರಂಡಿಗೆ ಹಾರಿ ಬದುಕಿಕೊಂಡರು, ಹೆಗಲ ಮೂಳೆ ಮುರಿಯಿತು. ಆಮೇಲೆಯೇ ಸದ್ದಿಲ್ಲದ ಬೈಕಿನ ಯೋಚನೆ ಬಂದದ್ದು.

"ನಂಬರ್ ಸುಳ್ಳಾದ್ರೆ ನಮ್ಮೋರು ಯಾರಾದ್ರೂ ಆನೆ ಮುಂದೆ ನಿಂತ್ಬಿಡ್ತಾರೆ ಲತಾಮಣಿ. ಅದಕ್ಕೇ ನಿಮ್ಮನ್ನ ಕಳಿಸ್ತಿರೋದು. ಇದ್ದದ್ದನ್ನ ಇದ್ದ ಹಾಗೆ ಬರೀತೀರಿ ನೀವು," ಎಂದು ತಂಡದ ಮುಖ್ಯಸ್ಥ ಸಿದ್ಧಾರ್ಥ ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು.

"ನಾನು ಎಪ್ಪತ್ತರಲ್ಲಿ ಓಡಿಸ್ತೀನಿ, ನೀನು ನಲವತ್ತೈದರಲ್ಲಿ ಬಾ ಕಣವ್ವ," ಎಂದರು ಬೋರಯ್ಯ. ಐವತ್ತೈದರ ದಪ್ಪ ಆಳು. "ಎರಡು ಲೆಕ್ಕಾನೂ ಸಿಕ್ತದೆ. ಬಸ್ತಿಹಳ್ಳಿ ತಾವ ಕಾಯ್ತಿರ್ತೀನಿ."

ಅವರು ಬೀದಿಯ ತಿರುವಿನಲ್ಲಿ ಮರೆಯಾದರು. ಲತಾಮಣಿ ಮೀಟರ್ ನೋಡಿದಳು. ನೂರು ಪರ್ಸೆಂಟ್. ಅದರ ಕೆಳಗೆ 160.

ಮೂವತ್ತೊಂಬತ್ತು ವರ್ಷದ ಲತಾಮಣಿಗೆ ಒಬ್ಬಳೇ ಇರುವುದು ಹೊಸದಲ್ಲ. ಅಮ್ಮ ರುದ್ರಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಣ್ಣ ತುಮಕೂರಿನಲ್ಲಿ. ಕಾಡಿನ ಕೆಲಸ ಮುಗಿಸಿ ಮನೆಗೆ ಬಂದರೆ ರೇಡಿಯೋ ಹಾಕಿಕೊಂಡು ಅಡುಗೆ ಮಾಡುವುದು, ಆರಿಸಿ ಮಲಗುವುದು. ಆದರೆ ಪೆಟ್ರೋಲ್ ಬೈಕಿನ ಗುಡುಗುಡು ಸದ್ದೂ ಒಂದು ಜೊತೆಯಾಗಿತ್ತು ಎನ್ನುವುದು ಹಾರನಹಳ್ಳಿ ದಾಟುವಾಗಲೇ ಅವಳಿಗೆ ತಿಳಿದದ್ದು. ಈ ಬೈಕಿನ ಮೇಲೆ ಕೂತರೆ ಗಾಳಿಯ ಸದ್ದು, ಟಯರಿನ ಸದ್ದು, ತನ್ನದೇ ಉಸಿರಿನ ಸದ್ದು, ಇಷ್ಟೇ.

ಹಾರನಹಳ್ಳಿಯ ಆಚೆ ಬಯಲು ತೆರೆದುಕೊಂಡಿತು. ಫೆಬ್ರುವರಿಯ ಬೆಳಗು. ರಾಗಿ ಕೊಯ್ದ ಹೊಲಗಳಲ್ಲಿ ಬರೀ ಕೂಳೆ ಉಳಿದಿತ್ತು. ತೆಂಗಿನ ತೋಟಗಳ ನಡುವೆ ಮಂಜು ಸಣ್ಣಗೆ ಎದ್ದು, ಬಿಸಿಲು ತಾಗಿದ ಕಡೆ ಕರಗುತ್ತಿತ್ತು. ದೂರದ ಬೋಳು ಗುಡ್ಡಗಳ ಮೈಮೇಲೆ ಅಲ್ಲೊಂದು ಇಲ್ಲೊಂದು ಮುತ್ತುಗದ ಮರ ಕೆಂಡದಂತೆ ಹೂ ಬಿಟ್ಟಿತ್ತು. ಶಾಲೆಗೆ ಹೊರಟ ಮೇಷ್ಟರೊಬ್ಬರು, ಹಾಲಿನ ಕ್ಯಾನು ಹೊತ್ತ ಒಂದು ಟೆಂಪೋ. ಅದು ಬಿಟ್ಟರೆ ಹತ್ತಿಪ್ಪತ್ತು ಕಿಲೋಮೀಟರ್ ಉದ್ದಕ್ಕೂ ಯಾರೂ ಸಿಗಲಿಲ್ಲ. ಪಡುವಣ ಗಾಳಿ ಎದುರಿನಿಂದ ಎದೆಗೆ ಒತ್ತುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಮೀಟರಿನ ಅಂಕಿ ಒಂದೊಂದೇ ಉದುರುತ್ತಿತ್ತು.

ಹತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಬರೆದುಕೊಂಡಳು. ಹಳೇಬೀಡಿಗೆ ಅಂಟಿಕೊಂಡ ಬಸ್ತಿಹಳ್ಳಿ ಮುಟ್ಟಿದಾಗ ನಲವತ್ತನಾಲ್ಕು ಕಿಲೋಮೀಟರ್ ಆಗಿತ್ತು, ಅರವತ್ತೆರಡು ಪರ್ಸೆಂಟ್ ಉಳಿದಿತ್ತು.

ಬೋರಯ್ಯ ಹೊಂಗೆ ಮರದ ಕೆಳಗೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದರು.

"ನಂದು ನಲವತ್ತೈದೇ ಐತೆ. ಈಗ್ಲೇ ಅರ್ಧ ತಿಂದ್ಬಿಟ್ಟದೆ," ಎಂದರು. "ನಾನು ಇಲ್ಲಿಂದ್ಲೇ ವಾಪಸ್ ಹೊಯ್ತೀನಿ. ನಿಧಾನಕ್ಕೆ ಹೋದ್ರೆ ಮನೆ ಮುಟ್ಟಬೋದು."

"ಹೋಗಿ ಬೋರಣ್ಣ. ಮುಟ್ಟಿದಾಗ ಎಷ್ಟಿತ್ತು ಅಂತ ಬರ್ಕೊಳ್ಳಿ."

"ನೀನೊಬ್ಳೇ ಆಯ್ತೀಯಲ್ಲವ್ವ."

"ನಂಗೇನು, ರೂಢಿ ಐತೆ," ಎಂದಳು ಲತಾಮಣಿ.

ಬೇಲೂರಿಗೆ ಇನ್ನು ಹದಿನಾರು ಕಿಲೋಮೀಟರ್. ಅಲ್ಲಿನ ತಂಡದ ಕೋಣೆಯ ಮುಂದೆ ಬೈಕ್ ನಿಲ್ಲಿಸಿದಾಗ ಸರಿಯಾಗಿ ಅರವತ್ತು ಕಿಲೋಮೀಟರ್, ನಲವತ್ತೆಂಟು ಪರ್ಸೆಂಟ್. ಕೋಣೆಗೆ ಬೀಗ ಹಾಕಿತ್ತು. ಸಿದ್ಧಾರ್ಥ ಉಳಿದ ಮೂವರನ್ನು ಜೀಪಿನಲ್ಲಿ ಕರೆದುಕೊಂಡು ಹನ್ನೊಂದು ಆನೆಗಳ ಹಿಂಡಿನ ಹಿಂದೆ ತೋಟಗಳ ಕಡೆ ಹೋಗಿದ್ದರು. ಲತಾಮಣಿ ಜಗಲಿಯ ಮೇಲೆ ಕೂತು ತಂದಿದ್ದ ಚಿತ್ರಾನ್ನದ ಡಬ್ಬಿ ತೆರೆದಳು. ಎರಡು ತುತ್ತು ತಿನ್ನುವಷ್ಟರಲ್ಲಿ ಫೋನ್ ಬಂತು.

"ಎಷ್ಟು ಪರ್ಸೆಂಟ್ ಇದೆ?" ಸಿದ್ಧಾರ್ಥರ ದನಿ ಗಾಬರಿಯಲ್ಲಿತ್ತು.

"ನಲವತ್ತೆಂಟು ಸಾರ್. ಯಾಕೆ?"

"ಸೀಳುಕಿವಿ ಹಳೇಬೀಡಿನ ಹತ್ರ ನರಿಗುಡ್ಡದ ಕಡೆ ಕಾಣಿಸಿಕೊಂಡಿದೆ. ಬೆಳಿಗ್ಗೆ ಹೊಲಕ್ಕೆ ಹೋದೋರು ನೋಡಿದ್ದಾರೆ. ಗುಡ್ಡದ ಮೇಲೆ ಕುರಿಯೋರು ಇಬ್ಬರು ಬಿಡಾರ ಹಾಕಿದ್ದಾರಂತೆ, ಗಂಡ ಹೆಂಡತಿ. ಫೋನ್ ಸಿಗ್ತಾ ಇಲ್ಲ. ನಾವು ಅಲ್ಲಿಗೆ ಬರೋಕೆ ಮಧ್ಯಾಹ್ನ ಎರಡಾಗುತ್ತೆ."

ಲತಾಮಣಿ ಡಬ್ಬಿ ಮುಚ್ಚಿದಳು. ಸೀಳುಕಿವಿಯ ಕೊರಳ ಕಾಲರ್‌ನ ಬ್ಯಾಟರಿ ಮುಗಿದು ಹನ್ನೊಂದು ದಿನವಾಗಿತ್ತು. ಅದು ಈಗ ಗುಡ್ಡದ ಯಾವ ಮೂಲೆಯಲ್ಲಿದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಬಿಸಿಲೇರಿದರೆ ನೀರಿಗೆ ಹೋಗುತ್ತದೆ. ನರಿಗುಡ್ಡದಲ್ಲಿ ಬೇಸಗೆಗೂ ನೀರು ನಿಲ್ಲುವುದು ಒಂದೇ ಹೊಂಡದಲ್ಲಿ, ಕುರಿಯವರು ಬಿಡಾರ ಹಾಕುವುದೂ ಅದರ ದಡದಲ್ಲೇ.

"ಬೇರೆ ಯಾರದ್ದಾದ್ರೂ ಪೆಟ್ರೋಲ್ ಬೈಕ್ ಕೇಳ್ಲಾ ಸಾರ್?"

"ಬೇಡ. ಆ ಸದ್ದಿಗೇ ಅದು ಮೈಮೇಲೆ ಬರೋದು. ಒಂದು ಗಂಟೆ ಚಾರ್ಜಿಗೆ ಹಾಕಿ ಹೋಗ್ತೀರಾ? ಟೆಸ್ಟ್ ಇನ್ನೊಂದಿನ ಮಾಡೋಣ."

ಲತಾಮಣಿ ಲೆಕ್ಕ ಹಾಕಿದಳು. ಒಂದು ಗಂಟೆ ಚಾರ್ಜ್ ಮಾಡಿದರೆ ಹದಿನೈದು ಪರ್ಸೆಂಟ್. ಆಗ ಹತ್ತು ಗಂಟೆ ಆಗಿರುತ್ತದೆ. ಗುಡ್ಡ ಹತ್ತುವಷ್ಟರಲ್ಲಿ ಹನ್ನೊಂದು ದಾಟುತ್ತದೆ.

"ಈಗ್ಲೇ ಹೋಗ್ತೀನಿ," ಎಂದಳು.

"ಹುಷಾರು," ಎಂದು ಅವರು ಫೋನ್ ಇಟ್ಟರು.

ಬಂದ ದಾರಿಯಲ್ಲೇ ಹಳೇಬೀಡಿಗೆ ಮರಳಿದಳು. ಈಗ ಗಾಳಿ ಬೆನ್ನಿಗಿತ್ತು. ಆದರೂ ಎಪ್ಪತ್ತಾರನೇ ಕಿಲೋಮೀಟರಿಗೆ ಮೂವತ್ತನಾಲ್ಕು ಪರ್ಸೆಂಟಿಗೆ ಇಳಿದಿತ್ತು. ಹೊತ್ತು ಮೀರಬಾರದೆಂದು ಅರವತ್ತರಲ್ಲಿ ಓಡಿಸಿದ್ದಳು. ಇನ್ನೂ ಐವತ್ತನಾಲ್ಕು ಕಿಲೋಮೀಟರ್ ಓಡುತ್ತೇನೆ ಎಂದು ಮೀಟರ್ ತೋರಿಸುತ್ತಿತ್ತು. ಬೆಳಗಿನಿಂದ ಬರೆದುಕೊಂಡದ್ದನ್ನು ನೋಡಿದರೆ ಮೂವತ್ತೊಂಬತ್ತಕ್ಕಿಂತ ಹೆಚ್ಚು ಓಡುವ ಹಾಗಿರಲಿಲ್ಲ. ಗುಡ್ಡಕ್ಕೆ ಒಂಬತ್ತು, ವಾಪಸ್ ಒಂಬತ್ತು. ಸಾಕು ಎಂದುಕೊಂಡು ಮಣ್ಣಿನ ದಾರಿಗೆ ತಿರುಗಿಸಿದಳು.

ಸಾಕಾಗುವ ಹಾಗೆ ಕಾಣಲಿಲ್ಲ. ದಾರಿಯುದ್ದಕ್ಕೂ ಮೊಣಕಾಲೆತ್ತರ ಲಂಟಾನ. ನೆಲದಲ್ಲಿ ಪುಡಿಮಣ್ಣು, ಅದರಡಿಯಲ್ಲಿ ಉರುಳುವ ನುರುಜುಗಲ್ಲು. ಹಿಂದಿನ ಚಕ್ರ ಜಾರಿ ಜಾರಿ ಸುತ್ತುತ್ತಿತ್ತು. ಏರು ಶುರುವಾದ ಮೇಲಂತೂ ಇನ್ನೂರು ಮೀಟರಿಗೆ ಒಂದು ಪರ್ಸೆಂಟ್ ಹೋದದ್ದೂ ಉಂಟು. ಇಪ್ಪತ್ತೊಂಬತ್ತು. ಇಪ್ಪತ್ತಾರು. ಇಪ್ಪತ್ತಮೂರು. ಅವಳು ಕೆಳಗಿಳಿದು ತಳ್ಳುತ್ತ, ಮತ್ತೆ ಹತ್ತಿ ಓಡಿಸುತ್ತ ಮೇಲೇರಿದಳು. ಹಿಂದೆ ತಿರುಗಿ ನೋಡಿದರೆ ಹಳೇಬೀಡಿನ ಕೆರೆ ಕೈಯಗಲದ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಲೆ ಒಂದು ಗಿಡುಗ ಸುತ್ತುತ್ತಿತ್ತು. ಇಲ್ಲಿ ಕಾಲು ಮುರಿದು ಬಿದ್ದರೆ ನಾಳೆಯವರೆಗೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ನಾಳೆಯಾದರೂ ಮೊದಲು ಹುಡುಕುವವರು ಯಾರು ಎಂದೂ ಅನ್ನಿಸಿತು. ಆ ಯೋಚನೆಯನ್ನು ಬಿಟ್ಟು ದಾರಿ ನೋಡಿದಳು.

ಇಪ್ಪತ್ತು ಪರ್ಸೆಂಟ್ ಆದಾಗ ಬೈಕ್ ಒಮ್ಮೆಲೇ ಸೊರಗಿತು. ಎಕ್ಸಲರೇಟರ್ ಎಷ್ಟು ತಿರುಗಿಸಿದರೂ ಆ ಏರಿನಲ್ಲಿ ನಡೆಯುವ ವೇಗಕ್ಕಿಂತ ಮೇಲೆ ಏರಲಿಲ್ಲ. ಬ್ಯಾಟರಿ ಉಳಿಸಲು ಅದೇ ತನ್ನ ಶಕ್ತಿ ತಗ್ಗಿಸಿಕೊಂಡಿತ್ತು. ಈ ಮಾತು ಅಚ್ಚು ಹಾಕಿಸಿದ ಕಾಗದದಲ್ಲಿ ಇರಲಿಲ್ಲ.

ಒಂದು ತಿರುವು ಕಳೆಯಿತು.

ಐವತ್ತು ಹೆಜ್ಜೆ ಮುಂದೆ, ದಾರಿಯ ಬಲಕ್ಕೆ, ಜಾಲಿಯ ಮೆಳೆ ಅಲುಗಾಡಿತು.

ಲತಾಮಣಿ ಬ್ರೇಕ್ ಹಿಡಿದಳು. ಮೊದಲು ಕಂಡದ್ದು ಕಿವಿ. ಅಂಚು ಹರಿದ ದೊಡ್ಡ ಕಿವಿ ನಿಧಾನವಾಗಿ ಬೀಸಿಕೊಳ್ಳುತ್ತಿತ್ತು. ಆಮೇಲೆ ಮಣ್ಣು ಮೆತ್ತಿದ ಬೆನ್ನು. ಆಮೇಲೆ ಒಂದು ದಂತ.

ಸೀಳುಕಿವಿ ಅವಳನ್ನು ನೋಡಿರಲಿಲ್ಲ. ಕೊಂಬೆ ಮುರಿಯುವ ಲಟಲಟ ಸದ್ದು, ಅಗಿಯುವ ಸದ್ದು ಎರಡೂ ಸ್ಪಷ್ಟವಾಗಿ ಕೇಳುತ್ತಿತ್ತು. ಗಾಳಿ ಆನೆಯ ಕಡೆಯಿಂದ ಬೀಸುತ್ತಿತ್ತು, ಅದರ ಮೈವಾಸನೆ ಮೂಗಿಗೆ ಬಡಿಯಿತು.

ತಿರುಗಿಸಿಕೊಳ್ಳಲು ಜಾಗವಿರಲಿಲ್ಲ. ಓಡಿಸಿಕೊಂಡು ತಪ್ಪಿಸಿಕೊಳ್ಳಲು ಬೈಕಿನಲ್ಲಿ ಶಕ್ತಿ ಇರಲಿಲ್ಲ.

ಅವಳು ಕೀ ತಿರುಗಿಸಿ ಮೀಟರ್ ಆರಿಸಿದಳು. ಬ್ರೇಕನ್ನು ಒಂದಿಷ್ಟೇ ಸಡಿಲ ಮಾಡಿದಳು. ಇಳಿಜಾರು ಬೈಕನ್ನು ಹಿಂದಕ್ಕೆ ಎಳೆದುಕೊಂಡಿತು. ಒಂದು ಗೇಣು. ಇನ್ನೊಂದು ಗೇಣು.

ಟಯರಿನ ಕೆಳಗೆ ಒಂದು ಕಲ್ಲು ಚಟ್ ಎಂದಿತು.

ಅಗಿಯುವ ಸದ್ದು ನಿಂತಿತು.

ಆನೆ ತಲೆ ಹೊರಳಿಸಿ ಸೊಂಡಿಲು ಮೇಲೆತ್ತಿತು. ಐದಾರು ಹೆಜ್ಜೆ ದಾರಿಗೆ ಬಂತು. ಲತಾಮಣಿ ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ಕೂತಳು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಸೊಂಡಿಲು ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಗಾಳಿಯಲ್ಲಿ ಅವಳ ವಾಸನೆ ಸಿಗಲಿಲ್ಲ, ಕಿವಿಗೆ ಯಾವ ಎಂಜಿನ್ನೂ ಕೇಳಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಆನೆ ಒಂದು ಹಿಡಿ ಮಣ್ಣನ್ನು ಬೆನ್ನ ಮೇಲೆ ಎರಚಿಕೊಂಡು ಮೆಳೆಗೆ ಹಿಂತಿರುಗಿತು.

ಅವಳು ಮತ್ತೆ ಬ್ರೇಕ್ ಸಡಿಲಿಸಿದಳು. ತಿರುವಿನ ಮರೆಗೆ ಬಂದ ಮೇಲೆ ಬೈಕಿಗೆ ಸ್ಟ್ಯಾಂಡ್ ಹಾಕಿದಳು. ಎರಡು ನಿಮಿಷ ನೆಲದ ಮೇಲೆ ಕೂತಳು. ಆಮೇಲೆ ಎದ್ದು, ಎಡಗಡೆಯ ಒಣಗಿದ ಹಳ್ಳಕ್ಕೆ ಬೈಕ್ ಇಳಿಸಿ, ಮರಳಿನಲ್ಲಿ ತಳ್ಳುತ್ತ ಆನೆಯಿಂದ ದೂರ ಸುತ್ತಿಕೊಂಡು ಮೇಲೆ ಹತ್ತಿದಳು.

ಹೊಂಡದ ದಡದಲ್ಲಿ ನೂರೈವತ್ತು ಕುರಿಗಳು ಗುಂಪಾಗಿ ನಿಂತಿದ್ದವು. ಬಂಡೆಯ ನೆರಳಲ್ಲಿ ವಯಸ್ಸಾದ ಹೆಂಗಸೊಬ್ಬಳು ಒಲೆ ಹಚ್ಚುತ್ತಿದ್ದಳು. ಬೈಕ್ ಹತ್ತು ಹೆಜ್ಜೆ ಹತ್ತಿರಕ್ಕೆ ಬಂದ ಮೇಲೆಯೇ ಅವಳು ತಲೆ ಎತ್ತಿದ್ದು.

"ಅಯ್ಯೋ ತಾಯಿ, ಸದ್ದೇ ಇಲ್ದಂಗೆ ಬಂದ್ಯಲ್ಲ," ಎಂದಳು. ಅವಳ ಹೆಸರು ದ್ಯಾವಮ್ಮ. ಗಂಡ ಮರಿಯಣ್ಣ ಕೋಲು ಹಿಡಿದು ಬಂದ.

"ಅಜ್ಜಿ, ಒಲೆ ಆರ್ಸಿ. ಒಂಟಿ ಸಲಗ ಕೆಳಗಡೆ ಜಾಲಿ ಮೆಳೇಲಿ ಐತೆ. ಬಿಸ್ಲೇರಿದ್ರೆ ಇದೇ ನೀರಿಗೆ ಬತ್ತದೆ."

"ಆನೆ ಈ ಕಡೀಗೆ ಯಾವತ್ತವ್ವ ಬಂದದೆ?" ಎಂದ ಮರಿಯಣ್ಣ. "ಮೇವು ಇರೋದು ಇಲ್ಲೇ. ಎಲ್ಲಿಗೆ ಹೊಡ್ಕೊಂಡು ಹೋಗಾನ?"

"ಅಜ್ಜ, ಈಗ್ತಾನೆ ಐವತ್ತು ಹೆಜ್ಜೆ ದೂರದಿಂದ ನೋಡ್ಬಂದೆ. ಕೈ ನೋಡಿ, ಇನ್ನೂ ನಡುಗ್ತದೆ." ಅವಳು ಕೈ ಚಾಚಿದಳು.

ಮರಿಯಣ್ಣ ಅವಳ ಕೈ ನೋಡಿದ. ಆಮೇಲೆ ಮುಖ ನೋಡಿದ. ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚತೊಡಗಿದ.

ಮೂವರೂ ಸೇರಿ ಮರಿಗಳನ್ನು ಬುಟ್ಟಿಗೆ ತುಂಬಿ, ಕುರಿಗಳನ್ನು ಗುಡ್ಡದ ಮೂಡಣ ಮೈಯಲ್ಲಿ ಇಳಿಸಿದರು. ಎರಡು ಮರಿಗಳು ಲತಾಮಣಿಯ ಬೈಕಿನ ಚೀಲದಲ್ಲಿ ತಲೆ ಹೊರಗೆ ಹಾಕಿಕೊಂಡು ಬಂದವು. ಅರ್ಧ ಇಳಿದಾಗ ಮೇಲಿನಿಂದ ಕಹಳೆ ಊದಿದಂಥ ಒಂದು ಕೂಗು ಕೇಳಿಸಿತು. ದ್ಯಾವಮ್ಮ ಗಂಡನ ತೋಳು ಹಿಡಿದುಕೊಂಡಳು. ಯಾರೂ ಹಿಂದೆ ತಿರುಗಿ ನೋಡಲಿಲ್ಲ.

ಗುಡ್ಡದ ಬುಡದಲ್ಲಿ ದಾರಿ ಕವಲೊಡೆಯಿತು. ಅವರು ನಂಟರ ಊರಿನ ಕಡೆ ಹೊರಟರು.

"ನಮ್ ಜೊತೇಲೇ ಬಂದು ಒಂದು ಮುದ್ದೆ ಉಂಡು ಹೋಗವ್ವ," ಎಂದಳು ದ್ಯಾವಮ್ಮ.

"ಇನ್ನೊಂದಿನ ಬತ್ತೀನಿ ಅಜ್ಜಿ. ಇದು ಇನ್ನೆಷ್ಟು ದೂರ ಓಡ್ತದೋ ನೋಡ್ಬೇಕು."

ಕುರಿಗಳ ದೂಳು ಕಣ್ಮರೆಯಾಗುವ ತನಕ ನಿಂತಿದ್ದು ಆಮೇಲೆ ಹೊರಟಳು. ಬಂದ ದಾರಿ ಆನೆಯದಾಗಿದ್ದರಿಂದ ಈ ಕಡೆಯಿಂದ ಬಸ್ತಿಹಳ್ಳಿಗೆ ಸುತ್ತಿಕೊಂಡು ಹೋಗಬೇಕಿತ್ತು. ಮೀಟರಿನಲ್ಲಿ ಹದಿನಾಲ್ಕು ಉಳಿದಿತ್ತು. ಹನ್ನೆರಡಾಯಿತು, ಹತ್ತಾಯಿತು. ಇಕ್ಕೆಲದಲ್ಲೂ ಉಳದೆ ಬಿಟ್ಟ ಹೊಲ, ನೆರಳೇ ಇಲ್ಲದ ದಾರಿ. ಮೀಟರಿನಲ್ಲಿ ಆರು ಬಂತು. ಇನ್ನೂ ಒಂಬತ್ತು ಕಿಲೋಮೀಟರ್ ಓಡುತ್ತೇನೆ ಎಂದಿತು.

ಆ ಅಂಕಿ ಅಲ್ಲಿರುವಾಗಲೇ ಬೈಕ್ ಸತ್ತಿತು. ಎಚ್ಚರಿಕೆಯ ಒಂದು ಸದ್ದೂ ಇಲ್ಲ, ಪರದೆ ಕಪ್ಪಾಯಿತು, ಅಷ್ಟೇ.

ಪರದೆ ಆರುವ ಮುನ್ನ ಕಂಡ, ಅದುವರೆಗೆ ಓಡಿದ ದೂರದ ಅಂಕಿಯನ್ನು ಲತಾಮಣಿ ಪುಸ್ತಕದಲ್ಲಿ ಬರೆದಳು. ತೊಂಬತ್ತೆಂಟು. ಅದರ ಮುಂದೆ, "ಆರು ಪರ್ಸೆಂಟಿಗೆ ನಿಂತಿತು. ಮಧ್ಯಾಹ್ನ ಒಂದು ಇಪ್ಪತ್ತು."

ಇನ್ನೂ ಐದು ಕಿಲೋಮೀಟರ್ ಇತ್ತು. ಬೈಕ್ ನೂರ ಮೂವತ್ತು ಕೆ.ಜಿ. ಅವಳು ತಳ್ಳತೊಡಗಿದಳು. ನೂರು ಹೆಜ್ಜೆ ಎಣಿಸಿ ನಿಲ್ಲುವುದು, ಮತ್ತೆ ನೂರು ಹೆಜ್ಜೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ನೀರು ಮುಗಿಯಿತು. ಒಮ್ಮೆ ತೆಂಗಿನಕಾಯಿ ತುಂಬಿದ ಟೆಂಪೋ ಪಕ್ಕದಲ್ಲಿ ನಿಧಾನ ಮಾಡಿತು.

"ಪೆಟ್ರೋಲ್ ಖಾಲಿನೇನಕ್ಕ?"

"ಚಾರ್ಜ್ ಖಾಲಿ ಕಣಣ್ಣ."

ಚಾಲಕ ಹಿಂದೆ ತಿರುಗಿ ತನ್ನ ಹೊರೆ ನೋಡಿದ. ಒಂದು ಕಾಯಿಗೂ ಜಾಗವಿರಲಿಲ್ಲ. ತನ್ನ ನೀರಿನ ಬಾಟಲಿ ಕೊಟ್ಟು ಹೋದ. ಆಮೇಲೆ ಮತ್ತೆ ಯಾರೂ ಬರಲಿಲ್ಲ.

ಅರ್ಧ ದಾರಿಯಲ್ಲಿ ಫೋನಿಗೆ ಸಿಗ್ನಲ್ ಬಂತು. ಸಿದ್ಧಾರ್ಥ.

"ಕುರಿಯೋರು?"

"ಇಳಿಸಿದೀನಿ ಸಾರ್. ಒಂದು ಮರೀನೂ ಹೋಗಿಲ್ಲ."

ಆ ಕಡೆ ಉದ್ದನೆಯ ಉಸಿರು ಕೇಳಿಸಿತು. "ಬೈಕ್?"

"ಸತ್ತೋಯ್ತು. ತೊಂಬತ್ತೆಂಟು ಕಿಲೋಮೀಟರ್. ಹೋಗೋಕೆ ನಲವತ್ತೈದು, ಬರೋಕೆ ನಲವತ್ತೈದು ಅಂತ ಇಟ್ಕೊಳ್ಳಿ ಸಾರ್, ಅದಕ್ಕಿಂತ ದೂರಕ್ಕೆ ಯಾರನ್ನೂ ಕಳಿಸ್ಬೇಡಿ. ಏರಿದ್ರೆ ಇನ್ನೂ ಕಮ್ಮಿ."

"ಸರಿ, ಅಷ್ಟೇ ಇಟ್ಕೊಳ್ಳೋಣ. ನಾವು ಗುಡ್ಡದ ಬುಡದಲ್ಲಿದೀವಿ, ಅದರ ಮೇಲೆ ಕಣ್ಣಿಟ್ಟಿದೀವಿ. ನೀವು..." ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಮೂರೂಕಾಲಕ್ಕೆ ಬಸ್ತಿಹಳ್ಳಿ ಬಂತು. ಹಿಟ್ಟಿನ ಗಿರಣಿಯ ಮುದ್ದಮ್ಮ ಏನೂ ಕೇಳದೆ ಪ್ಲಗ್ ತೋರಿಸಿ, ಒಂದು ಚೊಂಬು ಮಜ್ಜಿಗೆ ಕೊಟ್ಟರು. ಚಾರ್ಜಿಗೆ ಹಾಕಿ ಲತಾಮಣಿ ಬಸದಿಯ ಕಡೆ ಹೋಗಿ ನೆರಳಲ್ಲಿ ಕೂತಳು. ಒಳಗೆ ಕನ್ನಡಿಯಂತೆ ನುಣುಪಾದ ಕಂಬಗಳು, ಅದರಾಚೆಯ ಕತ್ತಲಲ್ಲಿ ಎತ್ತರಕ್ಕೆ ನಿಂತ ಕಲ್ಲಿನ ಪಾರ್ಶ್ವನಾಥ. ಬಂದಿದ್ದ ನಾಲ್ಕು ಜನ ಪ್ರವಾಸಿಗಳು ಫೋಟೋ ತೆಗೆದುಕೊಂಡು ಹೊರಟುಹೋದರು. ಡಬ್ಬಿಯಲ್ಲಿದ್ದ ಚಿತ್ರಾನ್ನ ಹಳಸಿತ್ತು. ಇವತ್ತು ನಡೆದದ್ದನ್ನು ಯಾರಿಗಾದರೂ ಮೊದಲಿಂದ ಕೊನೆಯತನಕ ಹೇಳಬೇಕು ಅನ್ನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿಂದ ಕೆಳಗೆ ನೋಡಿದಳು. ಅಣ್ಣ ಈ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾನೆ. ಫೋನ್ ಜೇಬಿಗೆ ಹಾಕಿ ಗೋಡೆಗೆ ಒರಗಿದಳು. ಹಾಗೇ ಕಣ್ಣು ಹತ್ತಿತು.

"ಏ ಲತಮ್ಮ, ಏಳವ್ವ."

ಬೋರಯ್ಯ ಎದುರಿಗೆ ನಿಂತಿದ್ದರು. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಇಡ್ಲಿ.

"ನೀವ್ಯಾಕೆ ಬಂದ್ರಿ ಬೋರಣ್ಣ?"

"ಸಿದ್ಧಾರ್ಥ ಫೋನ್ ಮಾಡಿದ್ರು. ನಂದು ಬೆಳಿಗ್ಗೆ ಎಂಟು ಪರ್ಸೆಂಟಿಗೆ ಮನೆ ಮುಟ್ತು, ಸಾಯಂಕಾಲದವರೆಗೆ ಚಾರ್ಜಿಗೆ ಹಾಕಿದ್ದೆ. ತಿನ್ನು ಮೊದ್ಲು."

ಆನೆ ಎದುರಾದದ್ದನ್ನೂ ಬೈಕ್ ಆರು ಪರ್ಸೆಂಟಿಗೇ ಸತ್ತದ್ದನ್ನೂ ಎರಡೇ ಮಾತಿನಲ್ಲಿ ಹೇಳಿ ಲತಾಮಣಿ ತಿಂದಳು. ಆರೂಕಾಲಕ್ಕೆ ಅವಳ ಬೈಕಿನಲ್ಲಿ ನಲವತ್ತನಾಲ್ಕು ಪರ್ಸೆಂಟ್ ಆಗಿತ್ತು. ಮೂವತ್ತೈದರ ವೇಗದಲ್ಲಿ ಹೋದರೆ ಮನೆಗೆ ಸಾಕು. ಬೋರಯ್ಯನವರದೂ ಅಷ್ಟೇ ಇತ್ತು. ಬರುವಾಗ ಜೋರಾಗಿ ಓಡಿಸಿದ್ದರು.

ಮುಳುಗುವ ಬಿಸಿಲನ್ನು ಬೆನ್ನಿಗಿಟ್ಟುಕೊಂಡು ಇಬ್ಬರೂ ಅಕ್ಕಪಕ್ಕದಲ್ಲಿ ಹೊರಟರು. ರಸ್ತೆ ಖಾಲಿಯಿತ್ತು, ಗಾಳಿ ಬಿದ್ದುಹೋಗಿತ್ತು. ಸ್ವಲ್ಪ ದೂರ ಹೋದ ಮೇಲೆ ಬೋರಯ್ಯ, "ಕಿವಿ ಕಂಡಾಗ ಏನ್ ಮಾಡ್ದೆ?" ಎಂದು ಕೇಳಿದರು. ಅವರು ದನಿ ಏರಿಸದೆಯೇ ಕೇಳಿದ್ದರು, ಆದರೂ ಪ್ರತಿ ಮಾತೂ ಕೇಳಿಸಿತು. ಲತಾಮಣಿ ಹೇಳತೊಡಗಿದಳು. ಕಲ್ಲು ಚಟ್ ಎಂದದ್ದು, ಸೊಂಡಿಲು ತೂಗಿದ್ದು, ಮರಿಯಣ್ಣ ಕೈ ನೋಡಿದ್ದು. ಬೋರಯ್ಯ ತಾವು ಚರಂಡಿಗೆ ಹಾರಿದ ದಿನದ ಕತೆ ಹೇಳಿದರು. ಆ ಕತೆಯನ್ನು ಅವರು ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಹಾರನಹಳ್ಳಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಏಳೂವರೆಗೆ ಅವಳ ಮನೆಯ ಮುಂದೆ ಬೈಕುಗಳು ನಿಂತವು. ಲತಾಮಣಿ ದೀಪ ಹಾಕಿ ಬಂದಳು. ಬೋರಯ್ಯ ಬೈಕ್ ಮೇಲೇ ಕೂತು ಮೀಟರ್ ನೋಡುತ್ತಿದ್ದರು. ಮಾಲೇಕಲ್ಲಿನ ಹತ್ತಿರದ ಅವರ ಮನೆಗೆ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು.

"ಎಷ್ಟಿದೆ ಬೋರಣ್ಣ?"

"ಒಂಬತ್ತು ಐತೆ. ಹದಿನಾಲ್ಕು ಕಿಲೋಮೀಟರ್ ಹೊಯ್ತೀನಿ ಅಂತದೆ ಇದು." ಅವರು ಕೀ ತಿರುಗಿಸಿ ಮೀಟರ್ ಆರಿಸಿದರು. "ಆರಕ್ಕೆ ಸಾಯ್ತದೆ ಅಂತ ನೀನು ಬರ್ದಿದೀಯಲ್ಲ. ನಿನ್ ಲೆಕ್ಕಾನೇ ನಂಬ್ತೀನಿ ಕಣವ್ವ. ಒಂದು ಗಂಟೆ ನಿಮ್ಮನೇಲೇ ಚಾರ್ಜಿಗೆ ಹಾಕ್ಲಾ?"

ಲತಾಮಣಿ ಕಿಟಕಿಯಿಂದ ವೈರ್ ಹೊರಗೆ ಕೊಟ್ಟು, ಟೀಗೆ ಎರಡು ಲೋಟ ನೀರಿಟ್ಟಳು.